ಟವೆಲ್ಲಿನಡಿ ಕುದುರಿದ ಆಪರೇಷನ್

ಇವತ್ತು ಬೆಳಿಗ್ಗೆ ನಮ್ಮ ಮನೆಯಾಕೆ ನೆಲ ಒರೆಸಲೆಂದು ಕೈಗೆ ಸಿಕ್ಕ ಹಳೆಯ ಟವೆಲ್ಲೊಂದನ್ನು ಬಕೆಟ್ಟಿಗೆ ಅದ್ದುವುದರಲ್ಲಿದ್ದಳು. ನಾನು ಚಹಾದ ಲೋಟವನ್ನು ಅಲ್ಲೇ ಕುಕ್ಕಿ, "ಏಯ್, ಅದನ್ನ ಬಿಡು!" ಎಂದು ಕೂಗಿದ ಕೂಗಿಗೆ ಎದುರು ಮನೆಯವರು ಕಿಟಕಿಗೆ ಬಂದರು. ಅವಳು ಗೋಡೆ ಹಿಡಿದು ನಿಧಾನಕ್ಕೆ ಎದ್ದು, ಟವೆಲ್ಲನ್ನು ನನ್ನ ಮುಖದ ಮುಂದೆ ಬಿಡಿಸಿ ಹಿಡಿದಳು. ನಡುವೆ ತೂತು. ಅಂಚಿನ ಕೆಂಪು ಪಟ್ಟಿ ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿದೆ.

"ಹೆಂಡ್ತಿಗೆ ಜ್ವರ ಬಂದ್ರ ಇಷ್ಟು ಗಾಬರಿ ಆಗಂಗಿಲ್ಲ ನೀವು," ಎಂದಳು. "ಈ ಹರಕ ಟವೆಲ್ ಸಲುವಾಗಿ ಬೆಳಗಾಗೆದ್ದು ಹಿಂಗ ಒದರ್ತೀರಲ್ರಿ."

ಅವಳಿಗೆ ಗೊತ್ತಿಲ್ಲದ ಕಥೆಯೇನಲ್ಲ ಇದು. ಆದರೆ ನಿಮಗೆ ಗೊತ್ತಿಲ್ಲ. ಕುಂತುಕೊಳ್ಳಿ, ಹೇಳುತ್ತೇನೆ. ಹೇಳುವಾಗ ನನ್ನ ದನಿ ಏರಿದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಈ ಟವೆಲ್ ನಮ್ಮಪ್ಪನದು. ಅಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಸಂತೆಯಲ್ಲಿ ಎತ್ತಿನ ರೇಟನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಸುತ್ತ ನಿಂತವರ ಕಿವಿಗೆ ಬಿದ್ದರೆ ವ್ಯಾಪಾರ ಕೆಡುತ್ತದೆ. ಹಾಗಾಗಿ ಕೊಳ್ಳುವವನೂ ದಲ್ಲಾಳಿಯೂ ಕೈ ಕೈ ಹಿಡಿದು, ಮೇಲೊಂದು ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳಿನಲ್ಲೇ ಮಾತಾಡುತ್ತಾರೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಮುಂಗೈ ಒತ್ತಿದರೆ ಒಪ್ಪಿಗೆ. ಕೈ ಕೊಡವಿದರೆ, ಹೋಗಯ್ಯಾ ನಿನ್ನ ದಾರಿ ನೋಡಿಕೋ ಎಂದು. ಇಬ್ಬರ ಮುಖದಲ್ಲೂ ಏನೂ ಕಾಣಬಾರದು. ನಮ್ಮಪ್ಪ ಆಕಾಶ ನೋಡುತ್ತ, ಮಳೆಯ ಸುದ್ದಿ ಮಾತಾಡುತ್ತ, ಕೆಳಗೆ ಎದುರಿನವನ ಬೆರಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ರಾತ್ರಿ ಊಟವಾದ ಮೇಲೆ ನನಗೂ ನಮ್ಮಕ್ಕ ಗಂಗಮ್ಮನಿಗೂ ಅದೇ ಆಟ ಕಲಿಸಿದ. ಬೆಲ್ಲದುಂಡೆಗೆ ಚೌಕಾಶಿ ಮಾಡುತ್ತಿದ್ದೆವು. ಅಕ್ಕನೇ ಗೆಲ್ಲುತ್ತಿದ್ದಳು. ಅವಳು ಹೆಣ್ಣಾಗಿ ಹುಟ್ಟಿದಳು, ಹಾಗಾಗಿ ದಲ್ಲಾಳಿಯಾದವನು ನಾನು.

ನಾನು ಎತ್ತು ಬಿಟ್ಟು ಟ್ರ್ಯಾಕ್ಟರಿಗೆ ಬಂದೆ. ಹೊಸಪೇಟೆಯ ಬೈಪಾಸಿನಲ್ಲಿ ನನ್ನದೊಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಮಾರುವ ಅಂಗಳವಿದೆ. ಸಂಡೂರಿನ ಗಣಿ ಕಡೆಯಿಂದ ಕೆಂಪು ಧೂಳು ಮೆತ್ತಿಕೊಂಡು ಬಂದ ಗಾಡಿಗೆ ಬಣ್ಣ ಹೊಡೆಸಿ ಕಮಲಾಪುರದ ಬಾಳೆ ತೋಟಕ್ಕೆ ದಾಟಿಸಿದವನು ನಾನು. ಯಾರ ಕೈಯನ್ನೂ ಹಿಡಿದು ಮೇಲೆ ಬಂದವನಲ್ಲ. ಹಾಗೆಂದೇ ಸ್ವಲ್ಪ ಬಾಯಿ ಜಾಸ್ತಿ, ಕೇಳದಿದ್ದರೂ ಬುದ್ಧಿ ಹೇಳುವ ಚಟ. ಯಾರದೋ ಟವೆಲ್ಲಿನ ಮೇಲ್ಮೈ ಅಲುಗಾಡುವುದನ್ನು ನೋಡಿಯೇ ಕೆಳಗೆ ಯಾವ ರೇಟು ನಡೆದಿದೆ ಎಂದು ಹೇಳಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಈ ಕಥೆ ಮುಗಿದ ಮೇಲೆ ಆ ಮಾತನ್ನು ಎಲ್ಲೂ ಆಡಿಲ್ಲ.

ಅಕ್ಕನನ್ನು ಕಂಪ್ಲಿ ಹತ್ತಿರದ ಮೆಟ್ರಿಗೆ ಕೊಟ್ಟಿತ್ತು. ಕಾಲುವೆ ನೀರಿನ ಭತ್ತದ ಗದ್ದೆ, ಕೂಡು ಕುಟುಂಬ. ಭಾವ ಶೇಖರಪ್ಪ ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವರೆಂದರೆ ತಮ್ಮ ಅಣ್ಣ ರುದ್ರಪ್ಪನವರ ಎದುರಿಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ರುದ್ರಪ್ಪನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಮೆಟ್ರಿಯ ಮನೆಯಲ್ಲಿ ಬಿತ್ತುವುದರಿಂದ ಹಿಡಿದು ಬೀಗರಿಗೆ ಸೀರೆ ತರುವವರೆಗೆ ಅವರ ಮಾತೇ ಮಾತು.

ಅಕ್ಕನಿಗೆ ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆಮೇಲೆ ಕೊಡ ಎತ್ತಿದರೆ. ಆಮೇಲೆ ಮಾತಾಡಿದರೂ. ಹೊಸಪೇಟೆಯಲ್ಲಿ ನನಗೆ ಗೊತ್ತಿದ್ದ ಹೃದಯದ ಡಾಕ್ಟರಿಗೆ ತೋರಿಸಿದೆ. ಸ್ಕ್ಯಾನ್ ಮಾಡಿ ಅವರು ಹೇಳಿದ್ದು ಇಷ್ಟು: ಹೃದಯದ ಒಂದು ವಾಲ್ವ್ ಪೂರ್ತಿ ಹಾಳಾಗಿದೆ, ರಕ್ತ ಹಿಂದಕ್ಕೆ ಸೋರುತ್ತಿದೆ, ಹೊಸದು ಹಾಕಬೇಕು. ಹೃದಯ ದೊಡ್ಡದಾಗುತ್ತ ಹೊರಟಿದೆ, ಈ ತಿಂಗಳು ದಾಟಿಸಬೇಡಿ. ವಾಲ್ವ್ ಸೋರಿದರೆ ಏನಾಗುತ್ತದೆಂದು ಟ್ರ್ಯಾಕ್ಟರಿನವನಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಜೊತೆಗೆ ಬಂದಿದ್ದ ಭಾವ ಆಗ ಡಾಕ್ಟರಿಗೆ ಒಂದು ಮಾತು ಕೇಳಿದರು. ನಮ್ಮ ಸೀಮೆಯವರು ಮಾತ್ರ ಕೇಳಬಲ್ಲ ಮಾತು. ಕೈ ಮುಗಿದು, "ಸ್ವಲ್ಪ ಹಿಂದ ಮುಂದ ನೋಡ್ರಿ ಸಾಹೇಬ್ರ," ಎಂದರು. ಡಾಕ್ಟರು ಹೇಳಿದ್ದು ಮೊದಲ ರೇಟು, ನಾವು ಗಿಂಜಿದರೆ ಕೊನೆಯ ರೇಟು ಬೇರೆ ಇರುತ್ತದೆ ಎಂಬಂತೆ! ಕುಂಬಳಕಾಯಿಗೆ ಗಿಂಜುತ್ತೇವೆ, ಆಟೋದವನ ಹತ್ತಿರ ಗಿಂಜುತ್ತೇವೆ, ಸರಿ. ಸೋರುವ ಹೃದಯದ ಹತ್ತಿರವೂ ಗಿಂಜಬಹುದೆಂದು ನಮಗೆ ಯಾರು ಹೇಳಿಕೊಟ್ಟರು? ಡಾಕ್ಟರು ಕನ್ನಡಕ ತೆಗೆದು, "ನಾನು ನೋಡೋದಲ್ಲ ಯಜಮಾನ್ರೇ, ಅವರ ಹಾರ್ಟ್ ನೋಡಬೇಕು," ಎಂದರು.

ಈಗ ಮೆಟ್ರಿ ಮನೆಯ ಸಂಗತಿ ಕೇಳಿ. ರುದ್ರಪ್ಪನವರು ಕಂಪ್ಲಿಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗ್ರಾನೈಟಿನ ನೆಲ, ಮುಂಬಾಗಿಲಿಗೆ ತೇಗದ ಚೌಕಟ್ಟು. ಗೃಹಪ್ರವೇಶದ ಕಾರ್ಡು ಅಚ್ಚಾಗಿ ಹಂಚಿಯೂ ಆಗಿತ್ತು. ಅದಕ್ಕೆ ಇನ್ನೂ ಎರಡು ಅಮಾವಾಸ್ಯೆ ದಾಟಬೇಕಿತ್ತು. ಆಪರೇಷನ್ ಅದು ಮುಗಿದ ಮೇಲೆಯೇ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕೊಯ್ಲಿನ ಆಳುಗಳಿಗೆ ಬುತ್ತಿ ಕಟ್ಟುವವರು ಯಾರು? ಅಷ್ಟು ಜನಕ್ಕೆ ಹೂರಣ ರುಬ್ಬಿ ಹೋಳಿಗೆ ಮಾಡಿಸುವ ಹದ ಗಂಗಮ್ಮನ ಬಿಟ್ಟರೆ ಯಾರಿಗಿದೆ? ನೋಡಲು ಬಂದವರಂತೂ, ದೇವರೇ, ಅವರನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಗಾದಿಗನೂರಿನ ಒಬ್ಬ ಹೆಂಗಸು, "ನಮ್ಮ ಅತ್ತಿಗೂ ಹಿಂಗ ಅಂದಿದ್ರವ್ವಾ, ಏನೂ ಮಾಡಿಸ್ಲಿಲ್ಲ, ಇನ್ನೂ ಗಟ್ಟಿ ಅದಾಳ," ಎಂದು ಕಥೆ ಹೇಳಿ ಚಹಾ ಕುಡಿದು ಹೋದಳು. ಅತ್ತೆಗೆ ಇದ್ದದ್ದು ಎದೆಯುರಿ ಎಂದು ಆಮೇಲೆ ಗೊತ್ತಾಯಿತು. ರೋಗಿಯ ಮನೆಗೆ ಹೋಗುವವರಿಗೆ ನನ್ನದೊಂದು ಉಪದೇಶ: ಬಾಳೆಹಣ್ಣು ಒಯ್ಯಿರಿ, ಕಥೆ ಒಯ್ಯಬೇಡಿ.

ಅಷ್ಟು ಸಾಲದೆಂದು ರುದ್ರಪ್ಪನವರು ಸ್ಕ್ಯಾನಿನ ಕಾಗದಗಳನ್ನು ಹುಬ್ಬಳ್ಳಿಯ ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಬಂದರು. ನನಗೆ ಫೋನ್ ಮಾಡಿದರು. ದನಿಯಲ್ಲಿ ಗೆದ್ದ ಖುಷಿ.

"ನೋಡಪಾ, ಅವ್ರು ಭಾಳ ದೊಡ್ಡ ಡಾಕ್ಟ್ರು. ಮಾತ್ರಿ ಮ್ಯಾಲ ಒಂದೆರಡು ತಿಂಗ್ಳು ನಡಸಬೌದು ಅಂದಾರ. ನಿಮ್ಮ ಹೊಸಪ್ಯಾಟಿ ಡಾಕ್ಟ್ರಿಗೆ ಏನ್ ಅವಸರೋ ಏನೋ."

ಒಬ್ಬ ಡಾಕ್ಟರು ಈಗಲೇ ಎನ್ನುತ್ತಾರೆ, ಇನ್ನೊಬ್ಬರು ತಡೆಯಬಹುದು ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆ? ತಮಗೆ ಅನುಕೂಲವಾದವರನ್ನು ದೊಡ್ಡ ಡಾಕ್ಟರು ಮಾಡುತ್ತಾರೆ. ನಾನು ವ್ಯಾಪಾರಿ. ಒಂದೇ ಗಾಡಿಗೆ ಇಬ್ಬರು ಮೆಕ್ಯಾನಿಕ್ಕು ಬೇರೆ ಬೇರೆ ಮಾತು ಹೇಳಿದರೆ, ಯಾವನು ಬಾನೆಟ್ ಎತ್ತಿ ನೋಡಿದ ಎಂದು ಮೊದಲು ಕೇಳುವವನು. ಕೇಳಿದೆ.

"ಸಾವ್ಕಾರ್ರ, ಅಕ್ಕನ್ನ ಕರ್ಕೊಂಡು ಹೋಗಿದ್ರೇನು?"

"ಆಕಿ ಯಾಕಪಾ? ಪೇಪರ್ ಇದ್ವಲ್ಲ."

"ಡಾಕ್ಟ್ರು ಏನೂ ಕೇಳ್ಲಿಲ್ಲೇನು?"

"ಹೆಂಗ್ ಅದಾರ ಅಂತ ಕೇಳಿದ್ರು. ಆರಾಮ್ ಅದಾಳ್ರಿ, ಮನಿಕೆಲ್ಸ ಎಲ್ಲಾ ತಾನ ಮಾಡ್ತಾಳ ಅಂದೆ."

ಎಲ್ಲ ಕೆಲಸ ತಾನೇ ಮಾಡುತ್ತಾಳೆ! ಮಾಡದಿದ್ದರೆ ಯಾರು ಮಾಡುತ್ತಿದ್ದರು ಸ್ವಾಮಿ? ಆ ಕೆಲಸವೇ ಅವಳ ಆರೋಗ್ಯದ ಸರ್ಟಿಫಿಕೇಟ್ ಆಗಿಬಿಟ್ಟಿತ್ತು. ನಾನು ಮರುದಿನವೇ ಅಕ್ಕನನ್ನು ಕಾರಿಗೆ ಹತ್ತಿಸಿಕೊಂಡು, ಭಾವನನ್ನೂ ಕೂರಿಸಿಕೊಂಡು, ಅದೇ ಹುಬ್ಬಳ್ಳಿ ಡಾಕ್ಟರ ಹತ್ತಿರ ಹೋದೆ. ಅವರು ಅವಳ ಕಾಲಿನ ಬಾವು ಒತ್ತಿ ನೋಡಿ ಕೇಳಿದರು:

"ರಾತ್ರಿ ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಮ್ಮ?"

ಅಕ್ಕ ನಕ್ಕಳು. "ದಿಂಬು ಇಲ್ರೀ. ಗ್ವಾಡಿ."

"ಅಂದ್ರೆ?"

"ಮಲಗಿದ್ರ ಉಸ್ರು ಕಟ್ತೈತ್ರೀ. ಗ್ವಾಡಿಗೆ ಒರಗಿ ಕುಂದರ್ತೀನಿ. ಹಂಗ ನಿದ್ದಿ ಹತ್ತೈತಿ."

ನಾನು ಭಾವನ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು! ಪಕ್ಕದಲ್ಲೇ ಮಲಗುವ ಮನುಷ್ಯನಿಗೆ ಹೆಂಡತಿ ಕುಂತು ನಿದ್ದೆ ಮಾಡುತ್ತಾಳೆಂದು ಗೊತ್ತಿಲ್ಲದೆ ಇರುತ್ತದೆಯೇ? ಡಾಕ್ಟರು ಪೆನ್ನು ಕೆಳಗಿಟ್ಟರು. ಇದನ್ನು ನನಗೆ ಯಾರೂ ಹೇಳಲಿಲ್ಲ, ಇದು ಕಾಯುವ ಕೇಸಲ್ಲ ಎಂದರು. ಹೊಸಪೇಟೆ ಡಾಕ್ಟರು ಹೇಳಿದ್ದೇ ಸರಿ ಎಂದೂ ಹೇಳಿದರು. ಎಲ್ಲ ಜಗಳವೂ ಹುಟ್ಟಿದ್ದು ರೋಗಿಯನ್ನು ಬಿಟ್ಟು ಕಾಗದ ಒಯ್ದಿದ್ದರಿಂದ.

ನಿಮಗೂ ಒಂದು ದಿನ ಇಂಥ ಕುರ್ಚಿಯಲ್ಲಿ ಕೂರುವ ಪ್ರಸಂಗ ಬರಬಹುದು, ಬಾರದೇ ಇರಲಿ. ಬಂದರೆ, ಯಾವಾಗ ಮಾಡಿಸಬೇಕು ಎಂದಷ್ಟೇ ಕೇಳಿ ಎದ್ದು ಬರಬೇಡಿ. ತಡ ಮಾಡಿದರೆ ಏನು ಕೆಡುತ್ತದೆ, ಬೇಗ ಮಾಡಿದರೆ ಏನು ಕೆಡುತ್ತದೆ, ಎರಡನ್ನೂ ಕೇಳಿ. ಎಷ್ಟೇ ದೊಡ್ಡವರಿರಲಿ, ಸಂಕೋಚ ಬೇಡ. ರೋಗಿಯ ಬಾಯಿಂದಲೇ ಉತ್ತರ ಹೇಳಿಸಿ.

ಆ ಸಂಜೆ ಮೆಟ್ರಿಯ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ರುದ್ರಪ್ಪನವರೂ ಗಿರಣಿಯಿಂದ ಬಂದಿದ್ದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನಕ್ಕು, "ನೀನೂ ವ್ಯಾಪಾರಸ್ಥ, ನಾನೂ ವ್ಯಾಪಾರಸ್ಥ. ಬಾರಪಾ ಇಲ್ಲೆ," ಎಂದು ನನ್ನ ಹೆಗಲ ಮೇಲಿನ ಅಪ್ಪನ ಟವೆಲ್ಲನ್ನು ತಾವೇ ಎಳೆದುಕೊಂಡು, ನನ್ನ ಕೈ ಹಿಡಿದು, ಮೇಲೆ ಹಾಕಿದರು. ಅಡುಗೆ ಮನೆಯ ಬಾಗಿಲಲ್ಲಿ ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕಿವಿಗೆ ಬೀಳಬಾರದೆಂದೇ ಟವೆಲ್! ಕೆಳಗೆ ಅವರು ನನ್ನ ಎರಡು ಬೆರಳು ಹಿಡಿದರು. ಮುಖದಲ್ಲಿ ಅದೇ ನಗು. ಅರ್ಥ ನನಗೆ ತಕ್ಷಣ ಆಯಿತು. ಗೃಹಪ್ರವೇಶ ಮುಗಿದ ಎರಡು ದಿನಕ್ಕೆ ಒಯ್ಯಿ, ನಾನು ಇಳಿದಿದ್ದೇನೆ, ನೀನೂ ಇಳಿ.

ದನದ ಸಂತೆಯಲ್ಲಿ ಕೈ ಹಿಡಿದಿರುವಾಗ ಟವೆಲ್ ಕಿತ್ತರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹಾಗೆ ಮಾಡಿದವನ ಜೊತೆ ಮತ್ತೆ ಯಾರೂ ವ್ಯಾಪಾರ ಮಾಡುವುದಿಲ್ಲ. ನಾನು ಟವೆಲ್ ಕಿತ್ತು ನೆಲಕ್ಕೆ ಒಗೆದೆ.

"ಬೆರಳಿನ್ಯಾಗ ಹೇಳಿದ್ದನ್ನ ಬಾಯಿಲೆ ಹೇಳ್ರಿ ಸಾವ್ಕಾರ್ರ. ಎಲ್ಲಾರೂ ಕೇಳ್ಲಿ."

ಅವರ ಮುಖ ಕಪ್ಪಿಟ್ಟಿತು. "ಹೇಳಾಕೇನ್ ಹೆದರಿಕಿ ನನಗ? ಮನಿ ಓಪನಿಂಗ್ ಆದ ಎರಡ ದಿನಕ್ಕ ಹೋಗ್ರಿ ಅಂದೆ. ತಪ್ಪೇನು?"

"ಅಲ್ಲೀಮಟ ಯಾಕ?"

"ಯಾಕಂದ್ರ... ಆಪರೇಷನ್ ಅಂದ್ರ ಆಪರೇಷನ್ನಪಾ. ಏನರ ಹೆಚ್ಚು ಕಮ್ಮಿ ಆತಂದ್ರ..."

"ಆತಂದ್ರ?"

"ಆತಂದ್ರ ಸೂತಕದ ಮನಿ ಅಂತಾರ. ಓಪನಿಂಗ್ ನಿಂತು ಹೊಕ್ಕೈತಿ. ಜನಕ್ಕ ಏನ್ ಹೇಳ್ಲಿ?"

ಕೇಳಿದಿರಾ? ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ, ಮೈಲಿಗೆಯಿಲ್ಲ ಎಂದು ಮಠದ ಸಭೆಯಲ್ಲಿ ಮೈಕು ಹಿಡಿದು ಹೇಳಿದವರು ಇದೇ ರುದ್ರಪ್ಪನವರು. ನಾನೇ ಕೂತು ಕೇಳಿ ಚಪ್ಪಾಳೆ ತಟ್ಟಿದ್ದೇನೆ. ಗ್ರಾನೈಟಿನ ನೆಲ ಹಾಸಿದ ಮೇಲೆ ಸೂತಕ ಎಲ್ಲಿಂದ ಬಂತು? ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರೂ ಬಿಡಲಿಲ್ಲ. "ದನಾ ಮಾರಿದವ್ರ ಮಗಾ, ನಮ್ಮ ಮನಿಗೆ ಬುದ್ಧಿ ಹೇಳಾಕ ಬಂದ," ಎಂದರು. "ದನದ ರೇಟ್ ಹೆಂಗಸ್ರು ಕೇಳ್ಬಾರ್ದಂತ ನಮ್ಮಪ್ಪ ಟವೆಲ್ ಹಾಕ್ಲಿಲ್ರಿ," ಎಂದೆ ನಾನು. ಭಾವ ಮಾತ್ರ ಕಂಬಕ್ಕೆ ಒರಗಿ, ಅಣ್ಣನ ಕಾಲ ಹೆಬ್ಬೆರಳು ನೋಡುತ್ತ ಕೂತಿದ್ದರು. ನನಗೆ ರುದ್ರಪ್ಪನವರಿಗಿಂತ ಆ ಕಂಬದ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಆಗ ಅಕ್ಕ ಚಹಾದ ತಟ್ಟೆಯನ್ನು ಕೆಳಗಿಟ್ಟಳು. ಉಸಿರಿಗೆ ಒಂದು ಗಳಿಗೆ ನಿಂತಳು.

"ಮಾವಾರ," ಎಂದಳು ರುದ್ರಪ್ಪನವರ ಕಡೆ ನೋಡಿ, "ನಾ ಸತ್ತರ ನಿಮ್ಮ ಹೊಸ ಮನಿಗೆ ತ್ರಾಸ ಆಕ್ಕೈತಿ. ಗೊತ್ತಾತು. ಬದುಕಿದ್ರ ಹೋಳಿಗಿ ಆಕ್ಕಾವು. ಅದೂ ಗೊತ್ತಾತು." ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಸಾಕ್ ಮಾಡೋ ತಮ್ಮಾ. ನೀನೊಂದು ಕಡಿ ಹಗ್ಗಾ, ಅವ್ರೊಂದು ಕಡಿ ಹಗ್ಗಾ. ನಾನೇನ್ ಎಮ್ಮೀ ಏನ್ಲೇ?"

ನಾನು ಅವಳ ಪರವಾಗಿಯೇ ಇದ್ದೆನಲ್ಲ, ನನಗೂ ಬಿತ್ತಲ್ಲ ಎಂದುಕೊಂಡೆ. ಅವಳು ಬಗ್ಗಿ ಟವೆಲ್ ಎತ್ತಿಕೊಂಡಳು, ಕೊಡವಿದಳು. ಕಂಬದ ಹತ್ತಿರ ಹೋಗಿ ಭಾವನ ಎದುರಿಗೆ ಕೂತಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಹತ್ತು ಜನರ ಎದುರಿಗೆ ಗಂಡನ ಕೈ ಮುಟ್ಟದವಳು, ಅವರ ಕೈ ಹಿಡಿದು ಮೇಲೆ ಟವೆಲ್ ಹಾಕಿದಳು.

"ನಿಮ್ಮಣ್ಣಾರ ಮುಂದ ನಿಮಗ ಬಾಯಿ ಬರಂಗಿಲ್ಲ. ಗೊತ್ತೈತಿ ನನಗ. ಬಾಯಿ ಬ್ಯಾಡ್ರಿ. ಕೈಲೆ ಹೇಳ್ರಿ."

ನಾನು ಟವೆಲ್ಲನ್ನೇ ನೋಡುತ್ತಿದ್ದೆ. ನನ್ನ ಕಸುಬು ಅದು. ಬಟ್ಟೆ ಒಮ್ಮೆ ಉಬ್ಬಿತು, ಇಳಿಯಿತು, ಬಹಳ ಹೊತ್ತು ಸುಮ್ಮನಿತ್ತು. ನಡುವೆ ಅಕ್ಕನ ತುಟಿ ಅದುರಿತು. ಭಾವನ ಕಣ್ಣಿಂದ ನೀರು ಇಳಿದು ಮೀಸೆಗೆ ಸೇರಿತು. ಕೆಳಗೆ ಏನು ನಡೆಯಿತೆಂದು ನನಗೆ ಒಂದು ಚೂರೂ ತಿಳಿಯಲಿಲ್ಲ.

ಕೊನೆಗೆ ಅವಳು ಟವೆಲ್ ತೆಗೆದು ಮಡಿಚಿ ನನ್ನ ಹೆಗಲಿಗೆ ಹಾಕಿದಳು. "ಸೋಮವಾರ ಹೊಂಟೇವಿ," ಎಂದಳು. "ನಾವಿಬ್ರೂ ಮಾತಾಡೇವಿ." ರುದ್ರಪ್ಪನವರು ತಮ್ಮನನ್ನು ನೋಡಿದರು. ಭಾವ ಕಂಬ ಬಿಟ್ಟು ಎದ್ದು ನಿಂತು, "ಹೂನಣ್ಣಾ," ಎಂದರು. ಅಷ್ಟೇ. ಆದರೆ ನಿಂತು ಹೇಳಿದರು.

ಸೋಮವಾರ ರುದ್ರಪ್ಪನವರೇ ಗಿರಣಿಯ ಕಾರು ಕಳಿಸಿದರು, ಅದನ್ನು ಮುಚ್ಚಿಡುವುದಿಲ್ಲ. ಆಪರೇಷನ್ ದಿನ ವರಾಂಡದಲ್ಲಿ ವಿಭೂತಿ ಹಚ್ಚಿಕೊಂಡು, ನೀರೂ ಕುಡಿಯದೆ ಕೂತಿದ್ದರು. ಅಕ್ಕ ಬದುಕಿದಳು. ಗೃಹಪ್ರವೇಶ ಕಾರ್ಡಿನಲ್ಲಿದ್ದ ದಿನವೇ ನಡೆಯಿತು. ಕೇಟರಿಂಗಿನವರ ಹೋಳಿಗೆ ರಟ್ಟಿನಂತಿದ್ದವು. ನಾನು ಬೇಕೆಂದೇ ಎರಡನೆಯದನ್ನೂ ಕೇಳಿ ಹಾಕಿಸಿಕೊಂಡು ತಿಂದೆ.

ಇಷ್ಟಕ್ಕೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತು. ಈಗ ರುದ್ರಪ್ಪನವರು ಬೀಗರ ಮನೆಗಳಲ್ಲಿ ಕೂತು, "ತಡಾ ಮಾಡಬ್ಯಾಡ್ರಿ ಅಂತ ನಾನ ಹಟಾ ಹಿಡದೆ," ಎಂದು ಹೇಳುತ್ತಾರಂತೆ. ನನ್ನ ಎದುರಿಗೆ ಸಿಕ್ಕರೆ ಮಾತು ಬೇರೆ: "ಎರಡ ತಿಂಗ್ಳು ತಡಾ ಆಗಿದ್ರೂ ಏನೂ ಆಗ್ತಿದ್ದಿಲ್ಲ ಬಿಡು." ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿದ್ದೆ, ಕಾದಿದ್ದರೆ ಏನಾಗುತ್ತಿತ್ತು ಎಂದು. "ಅದನ್ನು ಯಾರೂ ಹೇಳಲಾರರು," ಎಂದುಬಿಟ್ಟರು ಪುಣ್ಯಾತ್ಮರು. ಆಗದೇ ಉಳಿದ ಕೆಡುಕನ್ನು ಯಾರಿಗೂ ತೋರಿಸಲು ಬರುವುದಿಲ್ಲ. ಗೆದ್ದೂ ಬಾಯಿ ಮುಚ್ಚಿಕೊಂಡಿರಬೇಕಾದ ವ್ಯಾಪಾರ ನನ್ನ ಬದುಕಿನಲ್ಲಿ ಇದೊಂದೇ.

ಅಕ್ಕ ಈಗ ಮಲಗಿ ನಿದ್ದೆ ಮಾಡುತ್ತಾಳೆ. ಹತ್ತಿರ ಕೂತರೆ ಲೋಹದ ವಾಲ್ವಿನ ಟಿಕ್ ಟಿಕ್ ಕೇಳುತ್ತದೆ. "ನಮ್ಮ ಮನ್ಯಾಗ ಗಡಿಯಾರದ ಸೆಲ್ ಮುಗದ್ರೂ ಚಿಂತಿಲ್ಲ," ಎಂದು ನಗುತ್ತಾಳೆ. ರಕ್ತ ತೆಳ್ಳಗಾಗುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ನೆನಪು ಮಾಡಿ ಕೊಡುವವರು ಭಾವ. ಮೊನ್ನೆ ಅಕ್ಕ ಬಂದಾಗ ಅವಳನ್ನು ಮತ್ತೆ ಕೇಳಿದೆ, ಅವತ್ತು ಟವೆಲ್ ಕೆಳಗೆ ಅವರು ಏನು ಹೇಳಿದರು ಎಂದು.

"ಬಾಯಿಲೆ ಹೇಳೂ ಮಾತಾಗಿದ್ರ ಟವೆಲ್ ಯಾಕ ಬೇಕಿತ್ತಲೇ?" ಎಂದಳು.

ಇದನ್ನೆಲ್ಲ ನೆನೆಸಿಕೊಳ್ಳುತ್ತ ಟವೆಲ್ ಹಿಡಿದು ಕೂತೇ ಇದ್ದೆ. ಚಹಾ ಆರಿ ಕೆನೆ ಕಟ್ಟಿತ್ತು. ನಮ್ಮ ಮನೆಯಾಕೆ ಬೇರೆ ಬಟ್ಟೆ ಹುಡುಕಿ, ನೆಲ ಒರೆಸಿ ಮುಗಿಸಿ, ಮತ್ತೆ ಗೋಡೆ ಹಿಡಿದುಕೊಂಡು ಎದ್ದಳು. ಬೆಳಿಗ್ಗೆಯೂ ಹಾಗೆಯೇ ಎದ್ದಿದ್ದಳು. ನಾನು ನೋಡಿದ್ದು ಟವೆಲ್ಲನ್ನು. ಯುಗಾದಿಯಿಂದ ಮೊಣಕಾಲು ನೋವು ಎನ್ನುತ್ತಿದ್ದಾಳೆ. ಉಳುಮೆಯ ಸೀಸನ್ನಿನಲ್ಲಿ ಅಂಗಳ ಬಿಟ್ಟು ಬರುವುದು ಹೇಗೆ, ಸೀಸನ್ ಮುಗಿಯಲಿ ತೋರಿಸೋಣ ಎನ್ನುತ್ತಿರುವವನು ನಾನು. ರುದ್ರಪ್ಪನವರದ್ದು ಗೃಹಪ್ರವೇಶ, ನನ್ನದು ಸೀಸನ್.

"ಏನ, ಕೇಳ ಇಲ್ಲಿ," ಎಂದು ಕರೆದೆ. ಅವಳ ಮುಂದೆ ಕೈ ಚಾಚಿ, ಮೇಲೆ ಟವೆಲ್ ಹಾಸಿದೆ. "ಮೊಣಕಾಲು ಯಾವಾಗ ತೋರಸೋಣು? ನೀನ ಹೇಳು."

ಅವಳು ಟವೆಲ್ಲನ್ನೂ ನನ್ನ ಮುಖವನ್ನೂ ನೋಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಟವೆಲ್ ಎತ್ತಿ ಗೂಟಕ್ಕೆ ಹಾಕಿದಳು.

"ನನಗ ಬಾಯಿ ಐತ್ರಿ," ಎಂದಳು. "ಇವತ್ತ. ನಿಮ್ಮ ಅಂಗಳದ ಶೆಟರ್ ಆಮ್ಯಾಲ ಎತ್ತೀರಂತ."